ಕುಕೀ, ಕ್ಯಾಶ್, ಟೆಂಪ್ ಫೈಲ್ ಅಳಿಸೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಂಪ್ಯೂಟರಿನಲ್ಲಿ ಏನೇ ತೊಂದರೆ ಬರಲಿ, ಯಾರನ್ನು ಕೇಳಿದರೂ ಮೊದಲು ಸಿಗುವ ಉತ್ತರ ಒಂದೇ: ‘ಕುಕೀಸ್ ಕ್ಲಿಯರ್ ಮಾಡಿ ನೋಡಿ.’ ಹೇಳುವವರಿಗೆ ಅದು ಎರಡು ಸೆಕೆಂಡಿನ ಮಾತು. ಮಾಡಿದವರು ಆಮೇಲೆ ಪಾಸ್‌ವರ್ಡ್ ಹುಡುಕಿಕೊಂಡು ಅರ್ಧ ದಿನ ಕಳೆಯುತ್ತಾರೆ. ನೆಂಟರು, ಸ್ನೇಹಿತರು, ಪತ್ರ ಬರೆದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಅಳಿಸಿ, ತಪ್ಪಿಲ್ಲ. ಆದರೆ ಏನನ್ನು ಅಳಿಸುತ್ತಿದ್ದೀರಿ ಅಂತ ಗೊತ್ತಿದ್ದು ಅಳಿಸಿ.

## ಶುರುವಿನ ಪ್ರಶ್ನೆಗಳು

ಈ ಕುಕೀ ಅಂದ್ರೆ ನಿಜವಾಗಿ ಏನು? ವೈರಸ್ಸಾ?

ವೈರಸ್ ಅಲ್ಲ. ಕುಕೀ ಅಂದರೆ ಒಂದು ಪುಟ್ಟ ಬರಹ, ಹೆಚ್ಚೆಂದರೆ ಸುಮಾರು 4 ಕೆಬಿ. ಅದು ಪ್ರೋಗ್ರಾಂ ಅಲ್ಲ, ತಾನಾಗಿ ಏನೂ ಮಾಡಲಾರದು. ವೆಬ್‌ಸೈಟುಗಳಿಗೆ ಹುಟ್ಟಿನಿಂದಲೇ ಮರೆವು. ನೀವು ಒಂದು ಪೇಜ್ ನೋಡಿ ಇನ್ನೊಂದಕ್ಕೆ ಹೋದರೆ ಸೈಟಿಗೆ ನೀವು ಮತ್ತೆ ಹೊಸಬರು. ಅದಕ್ಕೇ ಸೈಟ್ ಒಂದು ಚೀಟಿ ಬರೆದು ನಿಮ್ಮ ಬ್ರೌಸರ್ ಕೈಗೆ ಕೊಡುತ್ತದೆ, ಪ್ರತಿ ಸಲ ಅಲ್ಲಿಗೆ ಹೋದಾಗಲೂ ಬ್ರೌಸರ್ ಆ ಚೀಟಿ ತೋರಿಸುತ್ತದೆ, ಇವರು ಆಗಲೇ ಲಾಗಿನ್ ಆದವರು ಅಂತ ಸೈಟಿಗೆ ಗೊತ್ತಾಗುತ್ತದೆ. ಸಾಮಾನು ಇಟ್ಟು ಹೋಗುವಾಗ ಕೊಡುವ ಟೋಕನ್ ಇರುತ್ತಲ್ಲ, ಹಾಗೆ.

1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಇದನ್ನು ಮಾಡಿದರು. ಆನ್‌ಲೈನ್ ಅಂಗಡಿಯಲ್ಲಿ ಗಿರಾಕಿ ಬುಟ್ಟಿಗೆ ಏನೇನು ಹಾಕಿದ್ದಾರೆ ಅಂತ ನೆನಪಿಡುವುದು ಹೇಗೆ ಅನ್ನುವ ಪ್ರಶ್ನೆಯಿಂದ ಹುಟ್ಟಿದ್ದು ಇದು. ಜಾಹೀರಾತಿನವರು ಇದನ್ನು ಹಿಡಿದುಕೊಂಡು ಜನರ ಬೆನ್ನು ಬಿದ್ದದ್ದು ಆಮೇಲೆ.

ಕುಕೀ, ಕ್ಯಾಶ್, ಹಿಸ್ಟರಿ ಮೂರೂ ಒಂದೇ ಅಲ್ವಾ? ಎಲ್ಲಾ ಒಟ್ಟಿಗೇ ಟಿಕ್ ಮಾಡ್ತೀನಿ ನಾನು.

ಒಂದೇ ಅಲ್ಲ. ಎಲ್ಲಾ ಒಟ್ಟಿಗೆ ಟಿಕ್ ಮಾಡುವ ಅಭ್ಯಾಸ ದಯವಿಟ್ಟು ಬಿಡಿ.

ಕ್ಯಾಶ್ ಅಂದರೆ ದುಡ್ಡಿನ ಕ್ಯಾಶ್ ಅಲ್ಲ, ಉಚ್ಚಾರ ಮಾತ್ರ ಹಾಗೆ. ಸೈಟಿನ ಚಿತ್ರ, ಲೋಗೋ, ಅಕ್ಷರದ ಫಾಂಟ್, ಪೇಜನ್ನು ನಡೆಸುವ ಸ್ಕ್ರಿಪ್ಟ್, ಇವನ್ನು ಪ್ರತಿ ಸಲ ಇಂಟರ್ನೆಟ್‌ನಿಂದ ತರಿಸುವ ಬದಲು ಬ್ರೌಸರ್ ಒಂದು ಪ್ರತಿ ನಿಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳುತ್ತದೆ. ಟೆಂಪರರಿ ಇಂಟರ್ನೆಟ್ ಫೈಲ್ಸ್ ಅಂತ ಹಳೇ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಾಲದಲ್ಲಿ ಕರೆಯುತ್ತಿದ್ದದ್ದು ಇದನ್ನೇ. ಅಳಿಸಿದರೆ ನಷ್ಟವೇನಿಲ್ಲ, ಮುಂದಿನ ಸಲ ಪೇಜ್ ತೆರೆಯಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಡೇಟಾ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ.

ಕುಕೀ ಅಳಿಸಿದರೆ ಲಾಗಿನ್ ಹೋಗುತ್ತದೆ. ಹಿಸ್ಟರಿ ಅಂದರೆ ನೀವು ಯಾವ ಯಾವ ಪೇಜಿಗೆ ಹೋಗಿದ್ದಿರಿ ಅನ್ನುವ ಪಟ್ಟಿ. ಅದನ್ನು ಅಳಿಸಿದರೆ, ಹೋದ ತಿಂಗಳು ಓದಿದ ಆ ಒಳ್ಳೇ ಲೇಖನ ಮತ್ತೆ ಸಿಗುವುದು ಕಷ್ಟ. ಪೇಜ್ ಸರಿಯಾಗಿ ಕಾಣದಿದ್ದರೆ ಕ್ಯಾಶ್, ಲಾಗಿನ್ ಸರಿಯಿಲ್ಲದಿದ್ದರೆ ಕುಕೀ. ಹಿಸ್ಟರಿ ಅಳಿಸಿ ತೊಂದರೆ ಸರಿಹೋದದ್ದನ್ನು ನಾನಂತೂ ನೋಡಿಲ್ಲ.

ನನ್ನ ಫೋಟೋ, ಡಾಕ್ಯುಮೆಂಟ್ ಎಲ್ಲಾ ಹೋಗ್ಬಿಡುತ್ತಾ?

ಇಲ್ಲ. ಬ್ರೌಸರ್ ತನ್ನ ಫೋಲ್ಡರಿನೊಳಗೆ ಇಟ್ಟುಕೊಂಡಿದ್ದನ್ನು ಮಾತ್ರ ಅಳಿಸುತ್ತದೆ. ಡೌನ್‌ಲೋಡ್ ಹಿಸ್ಟರಿ ಅಂತ ಒಂದು ಟಿಕ್ ಇರುತ್ತದೆ, ಅದನ್ನು ನೋಡಿ ಹೆದರುವವರು ಜಾಸ್ತಿ. ಅದು ಬರೀ ಪಟ್ಟಿ. ಡೌನ್‌ಲೋಡ್ ಮಾಡಿದ ಫೈಲ್ ಇದ್ದಲ್ಲೇ ಇರುತ್ತದೆ.

ಸೇವ್ ಮಾಡಿದ ಪಾಸ್‌ವರ್ಡ್ ಹೋಗುತ್ತಾ ಇಲ್ವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕುಕೀ ಅಳಿಸಿದರೆ ಪಾಸ್‌ವರ್ಡ್ ಹೋಗುವುದಿಲ್ಲ. ಲಾಗಿನ್ ಹೋಗುತ್ತದೆ, ಅಂದರೆ ಪಾಸ್‌ವರ್ಡ್ ಮತ್ತೆ ಹಾಕಬೇಕು. ಆದರೆ ಕೆಲವು ಬ್ರೌಸರುಗಳಲ್ಲಿ ಅದೇ ಪಟ್ಟಿಯ ಕೆಳಗಡೆ ಪಾಸ್‌ವರ್ಡ್ಸ್ ಅಂತ ಬೇರೆ ಟಿಕ್ ಇರುತ್ತದೆ. ಅದನ್ನು ಮುಟ್ಟಿದರೆ ಸೇವ್ ಮಾಡಿದ್ದೆಲ್ಲ ಹೋಯಿತು. ಸಿಂಕ್ (ಬ್ರೌಸರಿನಲ್ಲಿ ಇಟ್ಟದ್ದು ನಿಮ್ಮ ಎಲ್ಲಾ ಡಿವೈಸ್‌ಗಳಲ್ಲೂ ಒಂದೇ ಥರ ಇರುವ ಏರ್ಪಾಡು) ಆನ್ ಇದ್ದರೆ ನಿಮ್ಮ ಫೋನಿನಿಂದಲೂ, ಇನ್ನೊಂದು ಕಂಪ್ಯೂಟರಿನಿಂದಲೂ ಹೋಯಿತು.

ಇದು ನಮ್ಮ ಚಿಕ್ಕಮ್ಮನಿಗೆ ಆಗಿದೆ. ಯಾವುದೋ ಬಿಲ್ ಕಟ್ಟುವ ಪೇಜ್ ತೆರೆಯುತ್ತಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರು. ಆ ಕಡೆಯವರು ‘ಎಲ್ಲಾ ಟಿಕ್ ಮಾಡಿ, ಆಲ್ ಟೈಮ್ ಅಂತ ಇಡಿ, ಕ್ಲಿಯರ್ ಒತ್ತಿ’ ಅಂದರು. ಚಿಕ್ಕಮ್ಮ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಪೇಜ್ ತೆರೆಯಿತು, ನಿಜ. ಸಂಜೆ ಮೇಲ್ ನೋಡಲು ಹೋದರೆ ಪಾಸ್‌ವರ್ಡ್ ಕೇಳಿತು. ಅವರು ಆ ಪಾಸ್‌ವರ್ಡನ್ನು ಕೊನೆಯ ಸಲ ಕೈಯಾರೆ ಟೈಪ್ ಮಾಡಿದ್ದು ಯಾವ ವರ್ಷ ಅಂತಲೇ ನೆನಪಿರಲಿಲ್ಲ. ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿದರೆ ಓಟಿಪಿ ಹೋಗುತ್ತಿದ್ದದ್ದು ಅವರು ಬಿಟ್ಟುಬಿಟ್ಟಿದ್ದ ಹಳೇ ನಂಬರಿಗೆ. ಆ ಮೇಲ್ ವಾಪಸ್ ಸಿಗಲು ನಮಗೆ ಹನ್ನೊಂದು ದಿನ ಹಿಡಿಯಿತು. ಮೊಮ್ಮಗಳ ಮೊದಲ ವರ್ಷದ ಫೋಟೋಗಳೆಲ್ಲ ಅದರಲ್ಲೇ ಇದ್ದವು, ಆ ಹನ್ನೊಂದು ದಿನ ಅವರ ಮುಖ ನೋಡಲಾಗುತ್ತಿರಲಿಲ್ಲ.

ಹಾಗಾಗಿ ಏನನ್ನಾದರೂ ಅಳಿಸುವ ಮೊದಲು ಎರಡು ಕೆಲಸ ಮಾಡಿ. ನಿಮ್ಮ ಮುಖ್ಯ ಮೇಲ್‌ನ ಪಾಸ್‌ವರ್ಡ್ ಗೊತ್ತಿದೆಯಾ ನೋಡಿಕೊಳ್ಳಿ. ಅದಕ್ಕೆ ಜೋಡಿಸಿದ ಫೋನ್ ನಂಬರ್ ಈಗ ನಿಮ್ಮ ಕೈಯಲ್ಲಿರುವುದೇನಾ ನೋಡಿಕೊಳ್ಳಿ.

## ಮಾಡೋದು ಹೇಗೆ

ಉದ್ದ ಕಥೆ ಬೇಡ, ಎಲ್ಲಿ ಒತ್ತಬೇಕು ಹೇಳಿ ಸಾಕು.

ವಿಂಡೋಸ್‌ನಲ್ಲಿ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಯಾವುದೇ ಇರಲಿ, ಕಂಟ್ರೋಲ್, ಶಿಫ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿ. ಮ್ಯಾಕ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್ ಬಳಸುವವರು ಕಂಟ್ರೋಲ್ ಬದಲು ಕಮಾಂಡ್ ಒತ್ತಿ. ಒಂದು ಪೆಟ್ಟಿಗೆ ತೆರೆಯುತ್ತದೆ. ಮೇಲೆ ಎಷ್ಟು ಹಿಂದಿನವರೆಗೆ ಅಂತ ಆರಿಸಿ, ಬೇಕಾದ್ದನ್ನು ಮಾತ್ರ ಟಿಕ್ ಮಾಡಿ, ಬೇಡದ ಟಿಕ್ ತೆಗೆಯಿರಿ. ಹಿಂದಿನ ಸಲದ ಟಿಕ್‌ಗಳು ಹಾಗೇ ಉಳಿದಿರುತ್ತವೆ, ಅದಕ್ಕೇ ಪ್ರತಿ ಸಲ ಓದಿ ನೋಡಿ ಆಮೇಲೆ ಒತ್ತಿ.

ಸಫಾರಿಯಲ್ಲಿ ದಾರಿ ಬೇರೆ. ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವೆಸಿ ಅನ್ನುವಲ್ಲಿ ‘ಮ್ಯಾನೇಜ್ ವೆಬ್‌ಸೈಟ್ ಡೇಟಾ’ ಒತ್ತಿ.

ಲಾಸ್ಟ್ ಅವರ್ ಅಂತ ಇಡಬೇಕಾ, ಆಲ್ ಟೈಮ್ ಅಂತ ಇಡಬೇಕಾ?

ತೊಂದರೆ ಯಾವಾಗ ಶುರುವಾಯಿತು ಅಂತ ನೋಡಿ. ಬೆಳಗ್ಗೆ ಸರಿಯಿತ್ತು, ಈಗ ಕೆಟ್ಟಿದೆ ಅಂದರೆ ಕುಕೀಗೆ ಕೊನೆಯ 24 ಗಂಟೆ ಸಾಕಾಗಬಹುದು. ಅದರಿಂದ ಆಗದಿದ್ದರೆ ಮುಂದಿನ ಹೆಜ್ಜೆ ಆ ಒಂದು ಸೈಟಿನದ್ದನ್ನು ಪೂರ್ತಿ ಅಳಿಸುವುದು. ಕ್ಯಾಶ್ ಆದರೆ ಆಲ್ ಟೈಮ್ ಅಂತಲೇ ಇಡಿ, ಕಳೆದುಕೊಳ್ಳುವುದು ಏನೂ ಇಲ್ಲ.

ಒಂದು ಸೈಟ್ ಮಾತ್ರ ಕೆಟ್ಟಿದೆ. ಅದಕ್ಕೋಸ್ಕರ ಎಲ್ಲಾ ಕಡೆ ಮತ್ತೆ ಲಾಗಿನ್ ಆಗಬೇಕಾ?

ಬೇಡವೇ ಬೇಡ. ಇದನ್ನು ಹೆಚ್ಚು ಜನರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ನನಗೆ ಬೇಜಾರಾಗುವುದು ಅದೇ. ಹಲ್ಲು ನೋಯುತ್ತಿದ್ದರೆ ಆ ಹಲ್ಲನ್ನು ನೋಡಬೇಕು, ಬಾಯಲ್ಲಿರುವ ಹಲ್ಲನ್ನೆಲ್ಲ ಕೀಳುವುದಲ್ಲ, ಅಲ್ವಾ?

ಆ ಸೈಟ್ ತೆರೆಯಿರಿ. ಮೇಲೆ ವಿಳಾಸ ಬರೆಯುವ ಜಾಗದ ಎಡಗಡೆ ಒಂದು ಪುಟ್ಟ ಚಿತ್ರ ಇರುತ್ತದೆ. ಕೆಲವು ಬ್ರೌಸರಿನಲ್ಲಿ ಬೀಗ, ಈಗಿನ ಕ್ರೋಮ್‌ನಲ್ಲಿ ಎರಡು ಗೆರೆ, ಎರಡು ಬೊಟ್ಟು. ಅದನ್ನು ಒತ್ತಿ. ಫೈರ್‌ಫಾಕ್ಸ್‌ನಲ್ಲಿ ‘ಕ್ಲಿಯರ್ ಕುಕೀಸ್ ಅಂಡ್ ಸೈಟ್ ಡೇಟಾ’ ಅಂತ ಅಲ್ಲೇ ಸಿಗುತ್ತದೆ. ಕ್ರೋಮ್‌ನಲ್ಲಿ ‘ಕುಕೀಸ್ ಅಂಡ್ ಸೈಟ್ ಡೇಟಾ’, ಅದರಲ್ಲಿ ‘ಮ್ಯಾನೇಜ್ ಆನ್-ಡಿವೈಸ್ ಸೈಟ್ ಡೇಟಾ’ ಒಳಗೆ ಹೋದರೆ ಸೈಟಿನ ಹೆಸರು, ಪಕ್ಕದಲ್ಲಿ ಕಸದ ಡಬ್ಬಿಯ ಗುರುತು. ಅದನ್ನು ಒತ್ತಿ, ಪೇಜನ್ನು ಮತ್ತೆ ಲೋಡ್ ಮಾಡಿ. ಸಫಾರಿಯಲ್ಲಿ ‘ಮ್ಯಾನೇಜ್ ವೆಬ್‌ಸೈಟ್ ಡೇಟಾ’ ಪಟ್ಟಿಯಲ್ಲಿ ಆ ಸೈಟಿನ ಹೆಸರು ಹುಡುಕಿ ‘ರಿಮೂವ್’ ಒತ್ತಿ. ಆ ಸೈಟಿಗೆ ಮಾತ್ರ ನೀವು ಹೊಸಬರಾಗುತ್ತೀರಿ, ಮಿಕ್ಕಿದ್ದೆಲ್ಲ ಇದ್ದ ಹಾಗೇ ಇರುತ್ತದೆ.

ಸೈಟ್‌ನವರು ಬದಲಾಯಿಸಿದೀವಿ ಅಂತಾರೆ, ನನಗೆ ಮಾತ್ರ ಹಳೇದೇ ಕಾಣ್ತಿದೆ.

ಕ್ಯಾಶ್‌ನಲ್ಲಿರುವ ಹಳೇ ಪ್ರತಿ ಕಾಣುತ್ತಿದೆ. ಇದಕ್ಕೆ ಏನನ್ನೂ ಅಳಿಸಬೇಕಾಗಿಲ್ಲ. ಆ ಪೇಜಿನಲ್ಲಿದ್ದು ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ, ಮ್ಯಾಕ್ ಆದರೆ ಕಮಾಂಡ್, ಶಿಫ್ಟ್, ಆರ್. ಕ್ಯಾಶ್ ನೋಡದೆ ಎಲ್ಲವನ್ನೂ ಹೊಸದಾಗಿ ತರಿಸು ಅಂತ ಇದರ ಅರ್ಥ. ಸಫಾರಿಯಲ್ಲಿ ಆಪ್ಷನ್, ಕಮಾಂಡ್, ಆರ್.

ಎಷ್ಟು ದಿನಕ್ಕೊಮ್ಮೆ ಕ್ಲಿಯರ್ ಮಾಡಬೇಕು?

ದಿನ, ವಾರದ ಲೆಕ್ಕ ಏನೂ ಇಲ್ಲ. ಕ್ಯಾಶ್‌ಗೆ ಬ್ರೌಸರ್ ತಾನೇ ಒಂದು ಮಿತಿ ಇಟ್ಟುಕೊಂಡಿರುತ್ತದೆ, ತುಂಬಿದರೆ ಹಳೇದನ್ನು ತಾನೇ ತೆಗೆದು ಹಾಕುತ್ತದೆ. ಕುಕೀಗೂ ಆಯಸ್ಸು ಇದೆ. ಕೆಲವು ಬ್ರೌಸರ್ ಮುಚ್ಚಿದ ಕೂಡಲೇ ಹೋಗುತ್ತವೆ, ಕೆಲವಕ್ಕೆ ತಾರೀಖು ಬರೆದಿರುತ್ತದೆ. 2022ರಿಂದ ಕ್ರೋಮ್ ಯಾವ ಕುಕೀಗೂ 400 ದಿನಕ್ಕಿಂತ ಜಾಸ್ತಿ ಆಯಸ್ಸು ಕೊಡುವುದಿಲ್ಲ. ತೊಂದರೆ ಬಂದಾಗ ಮಾಡಿ. ಬೇರೆಯವರ ಕಂಪ್ಯೂಟರ್ ಬಳಸಿದರೆ ಎದ್ದು ಬರುವ ಮುಂಚೆ ಖಂಡಿತ ಮಾಡಿ.

ಕಂಪ್ಯೂಟರ್ ತುಂಬಾ ಸ್ಲೋ. ಕ್ಯಾಶ್ ಅಳಿಸಿದ್ರೆ ಫಾಸ್ಟ್ ಆಗುತ್ತಾ?

ಸಾಮಾನ್ಯವಾಗಿ ಇಲ್ಲ. ಕ್ಯಾಶ್ ಇರುವುದೇ ಪೇಜ್ ಬೇಗ ತೆರೆಯಲಿ ಅಂತ. ಅಳಿಸಿದ ಮೇಲೆ ಮೊದಲೊಂದೆರಡು ದಿನ ಇನ್ನೂ ನಿಧಾನವಾಗಿ ಕಾಣಬಹುದು. ಡಿಸ್ಕ್ ಪೂರ್ತಿ ತುಂಬಿ ಕಂಪ್ಯೂಟರ್ ಒದ್ದಾಡುತ್ತಿದ್ದರೆ ಮಾತ್ರ ಜಾಗ ಖಾಲಿ ಮಾಡಿದ್ದಕ್ಕೆ ಅನುಕೂಲ. ಮೊದಲು ಎಷ್ಟು ಟ್ಯಾಬ್ ತೆರೆದಿದ್ದೀರಿ, ಎಷ್ಟು ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಹಾಕಿಕೊಂಡಿದ್ದೀರಿ ನೋಡಿ. ತಪ್ಪು ಹೆಚ್ಚಾಗಿ ಅಲ್ಲಿರುತ್ತದೆ.

ಬ್ರೌಸರ್ ಆಯ್ತು, ವಿಂಡೋಸ್‌ನ ಟೆಂಪ್ ಫೈಲ್ ಅಳಿಸೋದು ಹೇಗೆ?

ಟೆಂಪ್ ಫೈಲ್ ಅಂದರೆ ವಿಂಡೋಸ್, ಬೇರೆ ಪ್ರೋಗ್ರಾಂಗಳು ಕೆಲಸದ ನಡುವೆ ತಾತ್ಕಾಲಿಕವಾಗಿ ಇಟ್ಟುಕೊಂಡ ಫೈಲ್. ಅಳಿಸುವ ದಾರಿ: ಸೆಟ್ಟಿಂಗ್ಸ್, ಅದರಲ್ಲಿ ಸಿಸ್ಟಮ್, ಅದರಲ್ಲಿ ಸ್ಟೋರೇಜ್, ಅದರಲ್ಲಿ ಟೆಂಪರರಿ ಫೈಲ್ಸ್. ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಯಾವುದು ಎಷ್ಟು ಜಾಗ ತಿಂದಿದೆ ಅಂತ ಪಟ್ಟಿ ತೋರಿಸುತ್ತದೆ.

ಇಲ್ಲಿ ನಿಲ್ಲಿ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಅಂತಲೂ ಒಂದು ಸಾಲು ಇರುತ್ತದೆ. ಟೆಂಪರರಿ ಅನ್ನುವ ಹೆಸರಿನ ಕೆಳಗೆ ಇದ್ದರೂ ಅದು ನಿಮ್ಮ ನಿಜವಾದ ಡೌನ್‌ಲೋಡ್ಸ್ ಫೋಲ್ಡರ್. ಮೇಲ್‌ನಿಂದ ಇಳಿಸಿಕೊಂಡ ಕಾಗದಪತ್ರ, ಟಿಕೆಟ್, ಮಕ್ಕಳ ಮಾರ್ಕ್ಸ್ ಕಾರ್ಡ್ ಎಲ್ಲಾ ಬಹಳ ಜನರು ಬಿಟ್ಟಿರುವುದು ಅಲ್ಲೇ. ಜಾಸ್ತಿ ಜಿಬಿ ತೋರಿಸುವ ಸಾಲೂ ಅದೇ ಆಗಿರುತ್ತದೆ, ಕೈ ತಾನಾಗಿ ಆ ಕಡೆ ಹೋಗುತ್ತದೆ. ಅದಕ್ಕೆ ಟಿಕ್ ಹಾಕಬೇಡಿ. ರಿಸೈಕಲ್ ಬಿನ್ ಕೂಡ ಅದೇ ಪಟ್ಟಿಯಲ್ಲಿದೆ, ಒಳಗೆ ಏನಿದೆ ಅಂತ ನೋಡಿದ ಮೇಲೆ ಟಿಕ್ ಹಾಕಿ.

ಅಳಿಸುವಾಗ ಕೆಲವು ಫೈಲ್ ಹೋಗದೆ ಉಳಿಯುತ್ತವೆ. ಯಾವುದೋ ಪ್ರೋಗ್ರಾಂ ಆಗ ಅವನ್ನು ಬಳಸುತ್ತಿದೆ ಅಂತ ಅರ್ಥ, ಬಿಟ್ಟುಬಿಡಿ.

ಒಂದೇ ಕ್ಲಿಕ್‌ನಲ್ಲಿ ಎಲ್ಲಾ ಕ್ಲೀನ್ ಮಾಡೋ ಸಾಫ್ಟ್‌ವೇರ್ ಹಾಕ್ಕೊಳ್ಲಾ?

ಬೇಡ ಅನ್ನುತ್ತೇನೆ. ಬ್ರೌಸರಿನಲ್ಲೂ ವಿಂಡೋಸ್‌ನಲ್ಲೂ ಇರುವ ಸೌಕರ್ಯವೇ ಸಾಕು. ಕ್ಲೀನರ್‌ಗೆ ಇಡೀ ಕಂಪ್ಯೂಟರಿನ ಕೀಲಿಕೈ ಕೊಡುತ್ತೀರಿ ಅನ್ನುವುದು ನೆನಪಿರಲಿ. 2017ರಲ್ಲಿ ಸಿಕ್ಲೀನರ್ ಅನ್ನುವ ಬಹಳ ಜನ ಬಳಸುತ್ತಿದ್ದ ಪ್ರೋಗ್ರಾಂನ 5.33 ಆವೃತ್ತಿಯೊಳಗೆ ಹ್ಯಾಕರುಗಳು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು, ಕಂಪನಿಯ ಸ್ವಂತ ಸೈಟಿನಿಂದ ಇಳಿಸಿಕೊಂಡವರಿಗೂ ಅದು ಹೋಯಿತು. ಇನ್ನು ‘ನಿಮ್ಮ ಕಂಪ್ಯೂಟರಿನಲ್ಲಿ ಸಾವಿರ ತೊಂದರೆ ಇದೆ’ ಅಂತ ಕೆಂಪು ಅಕ್ಷರದಲ್ಲಿ ಹೆದರಿಸುವ ಜಾಹೀರಾತನ್ನು ಒತ್ತಲೇಬೇಡಿ.

## ಸ್ವಲ್ಪ ಆಳಕ್ಕೆ

‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಬಂದು ಪೇಜೇ ತೆರೆಯಲ್ಲ. ಏನಿದು?

ಸೈಟ್ ನಿಮ್ಮನ್ನು ಲಾಗಿನ್ ಪೇಜಿಗೆ ಕಳಿಸುತ್ತದೆ, ಅಲ್ಲಿ ಹಳೇ ಕುಕೀ ನೋಡಿ ‘ಇವರು ಲಾಗಿನ್ ಆಗಿದ್ದಾರೆ’ ಅಂತ ವಾಪಸ್ ಕಳಿಸುತ್ತಾರೆ, ಇಲ್ಲಿಯವರು ಆ ಕುಕೀ ನಡೆಯಲ್ಲ ಅಂತ ಮತ್ತೆ ಅಲ್ಲಿಗೇ ಅಟ್ಟುತ್ತಾರೆ, ಹೀಗೇ ಸುತ್ತಿ ಸುತ್ತಿ ಬ್ರೌಸರ್ ಸಾಕಾಗಿ ಕೈಚೆಲ್ಲುತ್ತದೆ. ಆ ಸೈಟಿನ ಕುಕೀ ಮಾತ್ರ ಅಳಿಸಿದರೆ ಬಹಳ ಸಲ ಸರಿಹೋಗುತ್ತದೆ. ‘ಕುಕೀ ಟೂ ಲಾರ್ಜ್’ ಅಂತ 400ರ ಎರರ್ ಬಂದರೂ ಮದ್ದು ಅದೇ: ಒಂದೇ ಸೈಟ್ ಕುಕೀ ಮೇಲೆ ಕುಕೀ ಪೇರಿಸಿ, ಸರ್ವರ್ (ಸೈಟನ್ನು ನಡೆಸುವ ಅವರ ಕಂಪ್ಯೂಟರ್) ಹೊರಲಾರದಷ್ಟು ಹೊರೆ ಆಗಿರುತ್ತದೆ. ಅಳಿಸಿದ ಮೇಲೂ ಸುತ್ತುತ್ತಲೇ ಇದ್ದರೆ ತಪ್ಪು ಸೈಟ್‌ನವರದ್ದು, ಅವರಿಗೆ ತಿಳಿಸಿ.

ಮನೇಲಿ ನಾಲ್ಕು ಜನಕ್ಕೆ ಒಂದೇ ಕಂಪ್ಯೂಟರ್. ಪ್ರತಿ ಸಲ ಅಳಿಸೋದೇನಾ?

ಒಬ್ಬರು ಅಳಿಸಿದರೆ ನಾಲ್ವರ ಲಾಗಿನ್ನೂ ಹೋಗುತ್ತದೆ, ಮನೆಯಲ್ಲಿ ಸುಮ್ನೆ ಜಗಳ. ವಿಂಡೋಸ್‌ನಲ್ಲಿ ಅಥವಾ ಮ್ಯಾಕ್‌ನಲ್ಲಿ ಒಬ್ಬೊಬ್ಬರಿಗೂ ಬೇರೆ ಯೂಸರ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಡಿ. ಅಷ್ಟು ಬೇಡ ಅಂದರೆ ಬ್ರೌಸರಿನೊಳಗೇ ಬೇರೆ ಬೇರೆ ಪ್ರೊಫೈಲ್ ಮಾಡಬಹುದು. ಪ್ರತಿ ಪ್ರೊಫೈಲಿಗೂ ಕುಕೀ, ಹಿಸ್ಟರಿ, ಬುಕ್‌ಮಾರ್ಕ್ ಬೇರೆ. ಆದರೆ ಪ್ರೊಫೈಲಿಗೆ ಬೀಗ ಇಲ್ಲ, ಯಾರು ಬೇಕಾದರೂ ಒತ್ತಿ ಒಳಗೆ ಹೋಗಬಹುದು. ನಂಬಿಕೆ ಇರುವ ಮನೆಗೆ ಸಾಕು.

ಒಮ್ಮೆ ಮಾತ್ರ ನೋಡಿ ಮುಚ್ಚುವಂಥದ್ದಕ್ಕೆ ಇನ್‌ಕಾಗ್ನಿಟೋ ಅಥವಾ ಪ್ರೈವೇಟ್ ವಿಂಡೋ ತೆರೆಯಿರಿ. ಆ ವಿಂಡೋಗಳನ್ನೆಲ್ಲ ಮುಚ್ಚಿದ ಕೂಡಲೇ ಅದರ ಕುಕೀ, ಹಿಸ್ಟರಿ ಹೋಗುತ್ತದೆ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಉಳಿಯುತ್ತದೆ. ಇಂಟರ್ನೆಟ್ ಕೊಡುವ ಕಂಪನಿಗೂ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೂ ಇದರಿಂದ ಏನೂ ಮರೆಯಾಗುವುದಿಲ್ಲ.

ಒಂದು ಚಪ್ಪಲಿ ನೋಡಿದೆ, ಈಗ ಎಲ್ಲಿ ಹೋದ್ರೂ ಅದೇ ಚಪ್ಪಲಿ. ಕುಕೀ ಅಳಿಸಿದ್ರೆ ನಿಲ್ಲುತ್ತಾ?

ಸ್ವಲ್ಪ ದಿನ ನಿಲ್ಲಬಹುದು. ಇದು ಥರ್ಡ್ ಪಾರ್ಟಿ ಕುಕೀ ಕೆಲಸ. ನೀವು ಹೋಗಿದ್ದು ಒಂದು ಸೈಟಿಗೆ, ಆದರೆ ಅದರೊಳಗೆ ಕೂತಿದ್ದ ಜಾಹೀರಾತು ಕಂಪನಿಯೂ ತನ್ನ ಚೀಟಿ ಕೊಟ್ಟುಬಿಟ್ಟಿತು. ಅದೇ ಕಂಪನಿ ಬೇರೆ ಸಾವಿರ ಸೈಟಿನಲ್ಲೂ ಕೂತಿರುತ್ತದೆ, ಎಲ್ಲೇ ಹೋದರೂ ಚೀಟಿ ನೋಡಿ ಗುರುತು ಹಿಡಿಯುತ್ತದೆ. ಅಳಿಸಿದರೆ ಹೊಸ ಚೀಟಿ ಕೊಡುತ್ತದೆ, ಕಥೆ ಮತ್ತೆ ಶುರು.

ಆಗಾಗ ಅಳಿಸುವುದಕ್ಕಿಂತ, ತೆಗೆದುಕೊಳ್ಳದ ಹಾಗೆ ಮಾಡುವುದು ವಾಸಿ. ಸಫಾರಿ 2020ರ ಮಾರ್ಚ್‌ನಿಂದ ಇಂಥ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಸೈಟಿಗೂ ಒಂದೊಂದು ಬೇರೆ ಡಬ್ಬಿ ಇಡುತ್ತದೆ, ಒಂದು ಡಬ್ಬಿಯ ಚೀಟಿ ಇನ್ನೊಂದು ಕಡೆ ಕಾಣುವುದಿಲ್ಲ. ಕ್ರೋಮ್‌ನಲ್ಲಿ ಇವನ್ನು ನಿಲ್ಲಿಸುತ್ತೇವೆ ಅಂತ ಗೂಗಲ್ 2020ರಲ್ಲಿ ಹೇಳಿತು, ಮುಂದೆ ಹಾಕುತ್ತಾ ಬಂತು, 2024ರಲ್ಲಿ ಆ ಯೋಚನೆ ಕೈಬಿಟ್ಟಿತು. ಕ್ರೋಮ್ ಬಳಸುವವರು ಸೆಟ್ಟಿಂಗ್ಸ್‌ನ ಪ್ರೈವೆಸಿ ಭಾಗಕ್ಕೆ ಹೋಗಿ ಥರ್ಡ್ ಪಾರ್ಟಿ ಕುಕೀಗಳನ್ನು ತಾವೇ ತಡೆಯಬೇಕು. ಎರಡು ನಿಮಿಷದ ಕೆಲಸ, ಇವತ್ತೇ ಮಾಡಿ. ಎಲ್ಲೋ ಒಂದು ಸೈಟ್ ಸರಿಯಾಗಿ ನಡೆಯದಿದ್ದರೆ ಅದಕ್ಕೆ ಮಾತ್ರ ಬಿಡುವ ಅವಕಾಶವೂ ಇದೆ.

ಎಲ್ಲಾ ಅಳಿಸಿದ್ರೂ ನನ್ನನ್ನ ಗುರುತು ಹಿಡೀತಾರಲ್ಲ, ಹೇಗೆ?

ಮೊದಲನೆಯದು, ಅಳಿಸಿದ ಮೇಲೆ ನೀವು ಮತ್ತೆ ಲಾಗಿನ್ ಆದಿರಿ. ಅಲ್ಲಿಗೆ ಗುರುತು ಸಿಕ್ಕಿತು, ನಿಮ್ಮ ಹಳೇ ವಿವರ ಅವರ ಸರ್ವರಿನಲ್ಲಿದೆ, ನಿಮ್ಮ ಕಂಪ್ಯೂಟರಿನಲ್ಲಲ್ಲ. ಎರಡನೆಯದು, ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕಕ್ಕಿರುವ ನಂಬರ್, ಕುಕೀ ಅಳಿಸಿದರೆ ಬದಲಾಗುವುದಿಲ್ಲ. ಇನ್ನೊಂದಿದೆ, ಫಿಂಗರ್‌ಪ್ರಿಂಟಿಂಗ್ ಅನ್ನುತ್ತಾರೆ: ಸ್ಕ್ರೀನಿನ ಅಳತೆ, ಹಾಕಿಕೊಂಡ ಫಾಂಟ್‌ಗಳು, ಟೈಮ್ ಜೋನ್, ಭಾಷೆ, ಬ್ರೌಸರ್ ಆವೃತ್ತಿ, ಇವೆಲ್ಲ ಸೇರಿದರೆ ನಿಮ್ಮ ಬ್ರೌಸರಿನ ಹಾಗೆ ಇನ್ನೊಂದು ಸಿಗುವುದು ಅಪರೂಪ. ಇದಕ್ಕೆ ಅಳಿಸಲು ಫೈಲೇ ಇಲ್ಲ. ಇಂಟರ್ನೆಟ್‌ನಲ್ಲಿ ಜನರ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆ ‘ಕವರ್ ಯುವರ್ ಟ್ರ್ಯಾಕ್ಸ್’ ಅನ್ನುವ ಪರೀಕ್ಷೆ ಇಟ್ಟಿದೆ, ನಿಮ್ಮ ಬ್ರೌಸರ್ ಎಷ್ಟು ಸುಲಭವಾಗಿ ಗುರುತು ಸಿಗುತ್ತದೆ ಅಂತ ಅಲ್ಲಿ ನೋಡಬಹುದು.

ಲಾಗೌಟ್ ಮಾಡೋದಕ್ಕೂ ಕುಕೀ ಅಳಿಸೋದಕ್ಕೂ ವ್ಯತ್ಯಾಸ ಏನು? ಎರಡೂ ಒಂದೇ ಅನ್ಸುತ್ತೆ.

ಹೊರಗಿನಿಂದ ಒಂದೇ, ಒಳಗೆ ಬೇರೆ. ಲಾಗೌಟ್ ಒತ್ತಿದಾಗ ಆ ಚೀಟಿ ಇನ್ನು ನಡೆಯಲ್ಲ ಅಂತ ಸೈಟ್ ತನ್ನ ಕಡೆಯೂ ರದ್ದು ಮಾಡುತ್ತದೆ, ಸರಿಯಾಗಿ ಕಟ್ಟಿದ ಸೈಟ್ ಆದರೆ. ಬರೀ ಕುಕೀ ಅಳಿಸಿದರೆ ನಿಮ್ಮ ಕೈಲಿದ್ದ ಚೀಟಿ ಹರಿದು ಹಾಕಿದಿರಿ ಅಷ್ಟೇ, ಸೈಟಿನ ಪುಸ್ತಕದಲ್ಲಿ ಅದು ಇನ್ನೂ ಚಾಲ್ತಿಯಲ್ಲಿದೆ. ಅದರ ನಕಲು ಯಾರ ಹತ್ತಿರವಾದರೂ ಇದ್ದರೆ ಅವರು ಒಳಗೆ ಹೋಗಬಹುದು. ಕುಕೀ ಕದಿಯುವ ಮಾಲ್‌ವೇರ್ (ಕೇಡು ಮಾಡುವ ಪ್ರೋಗ್ರಾಂ) ಇದನ್ನೇ ನಂಬಿಕೊಂಡಿರುವುದು. ಕದ್ದ ಕುಕೀ ಇದ್ದರೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಹಾಗೇನಾದರೂ ಅನುಮಾನ ಬಂದರೆ ಮೊದಲು ಬೇರೆ ನಂಬಿಕೆಯ ಫೋನು, ಕಂಪ್ಯೂಟರಿನಿಂದ ಅಕೌಂಟಿಗೆ ಹೋಗಿ, ಸೆಟ್ಟಿಂಗ್ಸ್‌ನಲ್ಲಿ ‘ಎಲ್ಲಾ ಡಿವೈಸ್‌ಗಳಿಂದ ಲಾಗೌಟ್’ ಮಾಡಿ, ಪಾಸ್‌ವರ್ಡ್ ಬದಲಾಯಿಸಿ.

ಬ್ರೌಸರ್ ಮುಚ್ಚಿದಾಗ ತಾನೇ ಅಳಿಸೋ ಹಾಗೆ ಇಡಬಹುದಾ? ಆದ್ರೆ ಮೇಲ್ ಮಾತ್ರ ಉಳೀಬೇಕು.

ಇಡಬಹುದು. ಫೈರ್‌ಫಾಕ್ಸ್‌ನ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿದಾಗ ಕುಕೀ ಅಳಿಸು ಅನ್ನುವ ಟಿಕ್ ಇದೆ, ಪಕ್ಕದಲ್ಲೇ ‘ಎಕ್ಸೆಪ್ಷನ್ಸ್’. ಅಲ್ಲಿ ನಿಮ್ಮ ಮೇಲ್ ಸೈಟಿನ ವಿಳಾಸ ಸೇರಿಸಿ. ಎಡ್ಜ್, ಕ್ರೋಮ್‌ನಲ್ಲೂ ಇಂಥದ್ದೇ ಏರ್ಪಾಡು ಇದೆ. ಎರಡನೇ ಹಂತದ ಓಟಿಪಿ ಕೇಳುವಾಗ ‘ಈ ಡಿವೈಸ್ ನಂಬು’ ಅಂತ ಟಿಕ್ ಮಾಡಿರುತ್ತೀರಲ್ಲ, ಆ ನಂಬಿಕೆಯೂ ಒಂದು ಕುಕೀಯೇ. ಉಳಿಸುವ ಪಟ್ಟಿಗೆ ಸೇರಿಸದ ಸೈಟುಗಳು ದಿನಾ ಓಟಿಪಿ ಕೇಳುತ್ತವೆ. ‘ಕುಕೀಗೆ ಒಪ್ಪಿಗೆಯಾ’ ಅಂತ ಸೈಟುಗಳು ಕೇಳುವ ಪೆಟ್ಟಿಗೆಯೂ ದಿನಾ ಮೇಲೆ ಬಂದು ಕೂರುತ್ತದೆ, ನೀವು ಬೇಡ ಅಂದದ್ದನ್ನು ನೆನಪಿಟ್ಟಿದ್ದದ್ದೂ ಕುಕೀಯೇ ಆದ್ದರಿಂದ.

ಅರ್ಧ ಬರೆದಿದ್ದ ಅರ್ಜಿ ಒಂದು ಸೈಟಲ್ಲಿತ್ತು, ಕುಕೀ ಅಳಿಸಿದೆ, ಅದೂ ಹೋಯ್ತು. ವಾಪಸ್ ಬರುತ್ತಾ?

ಬರುವುದಿಲ್ಲ, ಕ್ಷಮಿಸಿ. ಇದನ್ನು ಕೇಳಿದ ಹುಡುಗಿ ಮೂರು ಸಂಜೆ ಕೂತು ಬರೆದಿದ್ದಳು. ಕ್ರೋಮ್‌ನಲ್ಲಿ ಆ ಟಿಕ್‌ನ ಪೂರ್ತಿ ಹೆಸರು ‘ಕುಕೀಸ್ ಅಂಡ್ ಅದರ್ ಸೈಟ್ ಡೇಟಾ’. ಆ ‘ಅದರ್’ ಅನ್ನುವುದರಲ್ಲಿ ಬಹಳ ಇದೆ. ಲೋಕಲ್ ಸ್ಟೋರೇಜ್, ಇಂಡೆಕ್ಸ್ಡ್ ಡಿಬಿ ಅಂತ ಬ್ರೌಸರಿನೊಳಗೆ ಇನ್ನೂ ದೊಡ್ಡ ಉಗ್ರಾಣಗಳಿವೆ. ಕೆಲವು ಸೈಟುಗಳು ಡ್ರಾಫ್ಟ್, ಆಟದ ಸ್ಕೋರ್, ಆಫ್‌ಲೈನ್ ನೋಟ್ಸ್ ಇವನ್ನು ಸರ್ವರಿಗೆ ಕಳಿಸದೆ ಅಲ್ಲೇ ಇಟ್ಟಿರುತ್ತವೆ. ಲಾಗಿನ್ ಇಲ್ಲದೆಯೇ ನಿಮ್ಮ ಬರಹ ನೆನಪಿಟ್ಟುಕೊಳ್ಳುವ ಸೈಟ್ ಅಂದರೆ ಅದು ಇರುವುದು ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಅಂತ ತಿಳಿದುಕೊಳ್ಳಿ. ಅಳಿಸುವ ಮುಂಚೆ ಅದನ್ನು ಕಾಪಿ ಮಾಡಿ ಒಂದು ಫೈಲಿಗೆ ಹಾಕಿಡಿ. ಆ ಹುಡುಗಿ ಈಗ ಅರ್ಜಿಯನ್ನು ಮೊದಲು ನೋಟ್‌ಪ್ಯಾಡಿನಲ್ಲಿ ಬರೆದು, ಆಮೇಲೆ ಸೈಟಿಗೆ ಹಾಕುತ್ತಾಳೆ.